ಪದೇ ಪದೇ ಕೇಳುವ ಪ್ರಶ್ನೆಗಳು: ತುಮಕೂರಿನ ವಸತಿರಹಿತರೊಡನೆ ನಮ್ಮ ಕೆಲಸ

ಫೋನಿನಲ್ಲಿ, ನಮ್ಮ ಆಶ್ರಯ ಕೇಂದ್ರದ ಬಾಗಿಲಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಜನ ನಮ್ಮನ್ನು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಹೇಳಿ ಹೇಳಿ ಗಂಟಲು ಒಣಗಿದ ಮೇಲೆ ಬರೆದಿಡುವುದೇ ವಾಸಿ ಎನಿಸಿತು. ಕೆಲವು ಉತ್ತರಗಳು ಉದ್ದವಾಗಿವೆ. ಆ ಪ್ರಶ್ನೆಗಳಿಗೆ ಚುಟುಕಾಗಿ ಉತ್ತರಿಸಿ ಆಮೇಲೆ ಜಗಳಕ್ಕೆ ಸಿಕ್ಕಿಕೊಂಡ ಅನುಭವ ನಮಗಿದೆ.

ನೀವು ಮಾಡುವ ಕೆಲಸವಾದರೂ ಏನು?

ರಾತ್ರಿ ಮಲಗಲು ಜಾಗ, ಸ್ನಾನಕ್ಕೆ ಬಿಸಿನೀರು, ಬೆಳಿಗ್ಗೆ ತಿಂಡಿ ಕೊಡುತ್ತೇವೆ. ಇವು ಕಣ್ಣಿಗೆ ಬೀಳುವ ಕೆಲಸಗಳು. ದಿನದ ಹೆಚ್ಚು ಹೊತ್ತು ಕಳೆಯುವುದು ಸಾಲುಗಳಲ್ಲಿ: ನಾಡಕಚೇರಿಯ ಸಾಲು, ಆಧಾರ್ ಕೇಂದ್ರದ ಸಾಲು, ಆಸ್ಪತ್ರೆಯಲ್ಲಿ ಹೊರರೋಗಿಗಳ ಚೀಟಿ ಮಾಡಿಸುವ ಸಾಲು. ನಮ್ಮ ಕಾರ್ಯಕರ್ತರಿಗೆ ಸಾಲಿನಲ್ಲಿ ನಿಲ್ಲುವುದಕ್ಕೇ ಸಂಬಳ ಎಂದು ಯಾರಾದರೂ ತಮಾಷೆ ಮಾಡಿದರೆ ನಾವೂ ನಗುತ್ತೇವೆ, ಮಾತು ನಿಜವಾದ್ದರಿಂದ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿ ನೋಂದಾಯಿಸಿಕೊಂಡ ಸಂಸ್ಥೆ ನಮ್ಮದು. ಲಾಭ ಹಂಚಿಕೊಳ್ಳುವ ಮಾಲೀಕರು ಯಾರೂ ಇಲ್ಲ.

ತುಮಕೂರಿನಲ್ಲಿ ಅನ್ನಕ್ಕೇನು ಬರ? ಮಠವೇ ಇದೆಯಲ್ಲ?

ನ್ಯಾಯವಾದ ಪ್ರಶ್ನೆ. ಕ್ಯಾತ್ಸಂದ್ರದ ಪಕ್ಕದ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳ ಜೊತೆಗೆ, ಹೋದವರಿಗೆಲ್ಲ ಊಟವಿದೆ. ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದ ಜನವರಿ 21ನ್ನು ರಾಜ್ಯದಲ್ಲಿ ದಾಸೋಹ ದಿನವೆಂದೇ ಆಚರಿಸುತ್ತಾರೆ. ಪೇಟೆಯೊಳಗೆ ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ಇದರ ಮೇಲೆ ಶನಿವಾರ ದೇವಸ್ಥಾನಗಳ ಪ್ರಸಾದ, ಹುಟ್ಟುಹಬ್ಬದ ಪೊಟ್ಟಣ, ಮದುವೆ ಛತ್ರದಲ್ಲಿ ಮಿಕ್ಕ ಪಲಾವು. ಕ್ಯಾತ್ಸಂದ್ರದವರೆಗೆ ನಡೆಯಲಾರದ ಕಾಲು, ಪಂಕ್ತಿಯಲ್ಲಿ ಕೂರಲಾರದ ಸಂಕೋಚ ಇದ್ದವರ ಕಥೆ ಬೇರೆ. ಉಳಿದಂತೆ ಈ ಊರಿನಲ್ಲಿ ಒಂದು ಹೊತ್ತಿನ ಅನ್ನಕ್ಕೆ ದಾರಿ ಇದೆ.

ಅನ್ನ ಸಿಗುತ್ತದೆ, ವಿಳಾಸ ಸಿಗುವುದಿಲ್ಲ. ವಿಳಾಸವಿಲ್ಲದೆ ಪಡಿತರ ಚೀಟಿ ಇಲ್ಲ, ಪಿಂಚಣಿ ಇಲ್ಲ, ಬ್ಯಾಂಕ್ ಪುಸ್ತಕವಿಲ್ಲ. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆಲ್ಲ ಸಾರಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣ. ಆದರೆ ಕಂಡಕ್ಟರಿಗೆ ತೋರಿಸಲು ಗುರುತಿನ ಚೀಟಿ ಬೇಕು. ಬಸ್ ನಿಲ್ದಾಣದಲ್ಲೇ ಮಲಗುವ ಹೆಂಗಸು ಅದೇ ನಿಲ್ದಾಣದಿಂದ ಹೊರಡುವ ಬಸ್ಸಿಗೆ ಕಾಸು ಕೊಟ್ಟು ಹತ್ತುವುದನ್ನು ನಾವು ನೋಡಿದ್ದೇವೆ. ನಮ್ಮ ಕೆಲಸದ ಮುಕ್ಕಾಲು ಪಾಲು ಈ ಕಾಗದದ ಬೆನ್ನು ಹತ್ತುವುದೇ ಆಗಿರುವುದು ಇದಕ್ಕಾಗಿ.

ವಸತಿರಹಿತರು ಎಂದರೆ ಭಿಕ್ಷುಕರೇ ಅಲ್ಲವೇ?

ಅಲ್ಲ. ನಮ್ಮಲ್ಲಿ ಮಲಗುವವರಲ್ಲಿ ಹೆಚ್ಚಿನವರು ಬೆಳಗಾದರೆ ಕೆಲಸಕ್ಕೆ ಹೋಗುತ್ತಾರೆ. ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ನಸುಕಿಗೇ ತರಕಾರಿ ಮೂಟೆ ಇಳಿಸುವ ಹಮಾಲಿಗಳು, ಮೇಸ್ತ್ರಿಯ ಫೋನಿಗೆ ಕಾಯುವ ಗಾರೆ ಕೆಲಸದವರು, ಹೋಟೆಲಿನಲ್ಲಿ ಲೋಟ ತೊಳೆಯುವವರು, ರಟ್ಟು ಮತ್ತು ಪ್ಲಾಸ್ಟಿಕ್ ಆಯುವವರು. ಶಿವರಾತ್ರಿಯ ಆಸುಪಾಸಿನಿಂದ ಯುಗಾದಿ ದಾಟುವವರೆಗೆ ಹುಣಸೆ ಹಣ್ಣಿನ ಕಾಲ. ತುಮಕೂರಿನ ಎಪಿಎಂಸಿಗೆ ಹುಣಸೆ ಬರುವ ಆ ದಿನಗಳಲ್ಲಿ ಹಣ್ಣು ಕುಟ್ಟಿ ಬೀಜ ಬಿಡಿಸುವ ಕೂಲಿಗೆ ಹೆಂಗಸರು ಬರುತ್ತಾರೆ. ಕೆಲಸ ಮುಗಿದ ಮೇಲೂ ಕೆಲವರು ಊರಿಗೆ ಮರಳುವುದಿಲ್ಲ, ಮರಳಲು ಊರಿನಲ್ಲಿ ಏನೂ ಉಳಿದಿರುವುದಿಲ್ಲ.

ಚಳಿಗಾಲದಲ್ಲಿ ನಮ್ಮ ಕೇಂದ್ರ ತುಂಬಿರುತ್ತದೆ ಎಂದು ಎಲ್ಲರ ಊಹೆ. ನಿಜಕ್ಕೂ ಜಾಗ ಸಾಲದೆ ಹೋಗುವುದು ಆಷಾಢದಲ್ಲಿ. ಆಷಾಢಕ್ಕೆ ಮದುವೆ ಇಲ್ಲ. ಮದುವೆ ಇಲ್ಲದಿದ್ದರೆ ಅಡುಗೆ ಭಟ್ಟರಿಗೆ ಕರೆ ಇಲ್ಲ. ಅವರ ಹಿಂದೆ ಸೌಟು ಹಿಡಿದು, ಪಾತ್ರೆ ಉಜ್ಜಿ, ರಾತ್ರಿ ಛತ್ರದ ಜಗಲಿಯಲ್ಲೇ ಮಲಗುತ್ತಿದ್ದ ಜನ ಒಮ್ಮೆಲೇ ಬೀದಿಗೆ ಬೀಳುತ್ತಾರೆ. ಶ್ರಾವಣದಲ್ಲಿ ಮತ್ತೆ ಕಾಣೆಯಾಗುತ್ತಾರೆ. ಅವರನ್ನು ಭಿಕ್ಷುಕರೆಂದು ಕರೆದರೆ ನಿಮ್ಮ ಮನೆಯ ಮದುವೆಯಲ್ಲಿ ಹೋಳಿಗೆ ಬಡಿಸಿದ ಕೈಯನ್ನೇ ಹಾಗೆ ಕರೆದಂತಾಯಿತು.

2011ರ ಜನಗಣತಿಯಲ್ಲಿ ದೇಶದ ವಸತಿರಹಿತರು ಸುಮಾರು 17.7 ಲಕ್ಷ ಎಂದಿದೆ. ಅವರನ್ನು ಎಣಿಸಿದ್ದು ಫೆಬ್ರವರಿ 28ರ ಒಂದೇ ರಾತ್ರಿಯಲ್ಲಿ. ಆ ರಾತ್ರಿ ಲಾರಿಯ ಕೆಳಗೆ, ಛತ್ರದ ಹಿತ್ತಲಲ್ಲಿ, ಮುಚ್ಚಿದ ಅಂಗಡಿಯ ಮೆಟ್ಟಿಲ ಮರೆಯಲ್ಲಿ ಮಲಗಿದ್ದವರೆಲ್ಲ ಲೆಕ್ಕಕ್ಕೆ ಸಿಕ್ಕಿರುತ್ತಾರೆಂದು ನಮಗೆ ನಂಬಿಕೆಯಿಲ್ಲ.

ರಸ್ತೆ ಬದಿಯಲ್ಲಿ ಒಬ್ಬರು ಬಿದ್ದಿದ್ದಾರೆ. ನಾನು ಏನು ಮಾಡಬೇಕು?

ಮೊದಲು ಮಾತನಾಡಿಸಿ. "ಯಜಮಾನರೇ, ಊಟ ಆಯಿತೇ?" ಎಂದು ಕೇಳಿದರೆ ಸಾಕು. ಉತ್ತರ ಬಂದರೆ ಅರ್ಧ ಸಂಗತಿ ಅಲ್ಲೇ ಗೊತ್ತಾಗುತ್ತದೆ. ಪ್ರಜ್ಞೆ ಇಲ್ಲ, ರಕ್ತ ಬರುತ್ತಿದೆ, ಮೈ ಕೆಂಡದಂತೆ ಸುಡುತ್ತಿದೆ ಎಂದಾದರೆ ನಮಗೆ ಫೋನ್ ಮಾಡುವ ಮೊದಲು 108ಕ್ಕೆ ಮಾಡಿ. ಯಾರಾದರೂ ಹೊಡೆಯುತ್ತಿದ್ದರೆ 112. ಹಿರಿಯರಾದರೆ 14567 ಎಂಬ ಹಿರಿಯ ನಾಗರಿಕರ ಸಹಾಯವಾಣಿ ಇದೆ. ಇದಾವುದೂ ಅಲ್ಲದೆ ಸುಮ್ಮನೆ ಮಲಗಿದ್ದರೆ ಎಬ್ಬಿಸಬೇಡಿ. ಜಾಗದ ಗುರುತನ್ನು ಸರಿಯಾಗಿ ತಿಳಿಸಿ: "ಬಿ.ಎಚ್. ರಸ್ತೆಯಲ್ಲಿ" ಎಂದರೆ ನಾವು ರಾತ್ರಿಯೆಲ್ಲ ಹುಡುಕಬೇಕಾಗುತ್ತದೆ, ಯಾವ ಅಂಗಡಿಯ ಮುಂದೆ ಎಂದು ಹೇಳಿ. ಫೋಟೋ ತೆಗೆದು ಗುಂಪುಗಳಿಗೆ ಹಾಕಬೇಡಿ. ಮಲಗಿದವರ ಮುಖದ ಫೋಟೋ ತೆಗೆಯಲು ನಿಮ್ಮ ಮನೆಯಲ್ಲಿ ಯಾರಿಗೆ ಒಪ್ಪಿಗೆ ಕೊಡುತ್ತೀರಿ?

ಕೇಂದ್ರ ಇದ್ದರೂ ಅವರು ಬೀದಿಯಲ್ಲೇ ಏಕೆ ಮಲಗುತ್ತಾರೆ? ಕರೆದರೂ ಬರುವುದಿಲ್ಲವಲ್ಲ?

ಈ ಪ್ರಶ್ನೆಗೆ ನಮಗೆ ಉತ್ತರ ಕಲಿಸಿದ್ದು ರೈಲು ನಿಲ್ದಾಣದ ಬಳಿ ಮಲಗುತ್ತಿದ್ದ ಒಬ್ಬ ಅಜ್ಜಿ. ಮಳೆ ಹನಿಯುತ್ತಿದ್ದರೂ ವ್ಯಾನು ಹತ್ತಲು ಒಪ್ಪಲಿಲ್ಲ. ಹಾಸಿಗೆ ಇದೆ ಎಂದೆವು, ಬಿಸಿನೀರಿದೆ ಎಂದೆವು, ಹೆಂಗಸರದ್ದೇ ಕೋಣೆ ಎಂದೆವು. ಕೊನೆಗೆ ಅಜ್ಜಿ ಕೇಳಿದ್ದು ಒಂದೇ ಮಾತು: "ಈ ಗಂಟು ಎಲ್ಲಿಡಲಪ್ಪ?" ಹಳೆಯ ಸೀರೆಯ ಗಂಟು. ಒಳಗೆ ಒಂದು ಸ್ಟೀಲ್ ತಟ್ಟೆ, ಗಂಡನ ಫೋಟೋ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಯಾವುದೋ ಜಮೀನಿನ ಪಹಣಿ, ಅರ್ಧ ಸೋಪು. ಬೀದಿಯಲ್ಲಿ ಅದನ್ನು ತಲೆದಿಂಬು ಮಾಡಿಕೊಂಡು ಮಲಗಬಹುದು. ಹತ್ತಾರು ಅಪರಿಚಿತರ ನಡುವೆ, ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ, ಅದನ್ನು ಯಾರಿಗೆ ಒಪ್ಪಿಸುವುದು? ನಮ್ಮಲ್ಲಿ ಆಗ ಹಾಸಿಗೆಗಳಿದ್ದವು, ಬೀಗವಿರಲಿಲ್ಲ.

ಮರುದಿನವೇ ತಗಡಿನ ಟ್ರಂಕುಗಳನ್ನು ತಂದೆವು. ಬೀಗದ ಕೈ ಅವರವರ ಕೊರಳಿನಲ್ಲಿ. ನಮ್ಮ ಬಳಿ ನಕಲಿ ಕೈ ಇಟ್ಟುಕೊಳ್ಳುವುದಿಲ್ಲ, ಕಳೆದುಕೊಂಡರೆ ಅವರ ಎದುರಿನಲ್ಲೇ ಬೀಗ ಒಡೆಯುತ್ತೇವೆ. ಅಜ್ಜಿ ಬಂದರು.

ಬರದಿರಲು ಬೇರೆ ಕಾರಣಗಳೂ ಇವೆ. ನಸುಕಿನ ಮೂರಕ್ಕೆ ಲಾರಿ ಬಂದರೆ ಮಾರುಕಟ್ಟೆಯಲ್ಲೇ ಮಲಗಿದವನಿಗೆ ಮೊದಲ ಮೂಟೆ ಸಿಗುತ್ತದೆ, ದೂರದ ಕೇಂದ್ರದಲ್ಲಿ ಮಲಗಿದವನಿಗೆ ಸಿಗುವುದಿಲ್ಲ. ಕೆಲವರಿಗೆ ಬಾಗಿಲು ಹಾಕಿದ ಕೋಣೆಯೆಂದರೆ ಭಯ. ಕೆಲವರನ್ನು ಹಿಂದೆ ಎಲ್ಲೋ ವ್ಯಾನಿಗೆ ಹತ್ತಿಸಿ ಊರಾಚೆ ಬಿಟ್ಟು ಬಂದಿರುತ್ತಾರೆ, ಹಾಗಾಗಿ ವ್ಯಾನು ಕಂಡರೆ ಓಡುತ್ತಾರೆ. ನಾವು ಈಗ ಮೊದಲ ಕೆಲವು ಭೇಟಿಗಳಿಗೆ ವ್ಯಾನನ್ನೇ ಒಯ್ಯುವುದಿಲ್ಲ, ನಡೆದು ಹೋಗಿ ಚಹಾ ಕುಡಿದು ಬರುತ್ತೇವೆ.

ಕುಡಿದು ಬಂದವರನ್ನು ಒಳಗೆ ಬಿಡುತ್ತೀರಾ?

ಬಿಡುತ್ತೇವೆ, ಬಾಟಲಿಯನ್ನು ಬಿಡುವುದಿಲ್ಲ. ಗಲಾಟೆ ಮಾಡಿದರೆ ಜಗಲಿಯಲ್ಲಿ ಮಲಗಿಸುತ್ತೇವೆ. ಈ ನಿಯಮಕ್ಕೆ ನಮ್ಮ ದಾನಿಗಳಲ್ಲಿ ಕೆಲವರು ಮುಖ ಸಿಂಡರಿಸಿದ್ದಾರೆ, ಒಬ್ಬರು ದೇಣಿಗೆ ನಿಲ್ಲಿಸಿದ್ದೂ ಉಂಟು. ಕುಡಿಯದವರಿಗೆ ಮಾತ್ರ ಸೂರು ಎಂಬ ನಿಯಮವನ್ನು ಸ್ವಂತ ಮನೆಗಳಿಗೂ ಹಚ್ಚಿದರೆ ಈ ಊರಿನಲ್ಲಿ ಎಷ್ಟು ಮನೆ ಖಾಲಿಯಾದಾವು ಎಂದು ನಾವು ಅವರನ್ನು ಕೇಳಲಿಲ್ಲ, ಕೇಳಬೇಕಿತ್ತು.

ಎಷ್ಟು ದಿನ ಇರಬಹುದು? ಗಂಡ-ಹೆಂಡತಿ ಜೊತೆಯಲ್ಲಿ ಇರಬಹುದೇ?

ದಿನದ ಮಿತಿ ಇಲ್ಲ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಕೋಣೆಗಳಿವೆ. ಕುಟುಂಬಗಳಿಗೆ ಪರದೆ ಕಟ್ಟಿದ ಜಾಗ ಇದೆಯಾದರೂ ಸಾಲದು. ನಲವತ್ತು ವರ್ಷ ಜೊತೆಗೆ ಮಲಗಿದ ವೃದ್ಧ ದಂಪತಿಗೆ ನೀವು ಆ ಕೋಣೆ, ನೀವು ಈ ಕೋಣೆ ಎಂದು ಹೇಳುವುದು ನಮ್ಮ ಕೆಲಸದಲ್ಲಿ ನಮಗೆ ಅತಿ ಕಸಿವಿಸಿಯಾಗುವ ಗಳಿಗೆ.

ಆಧಾರ್ ಇಲ್ಲದವರಿಗೆ ಮಾಡಿಸಿಕೊಡುತ್ತೀರಾ? ವಿಳಾಸವೇ ಇಲ್ಲದೆ ಹೇಗೆ?

ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಬರೆದುಕೊಡುವ ಪ್ರಮಾಣಪತ್ರವನ್ನು ಆಧಾರ್ ನೋಂದಣಿಗೆ ದಾಖಲೆಯಾಗಿ ಒಪ್ಪುತ್ತಾರೆ. ಕೇಂದ್ರದ ವಿಳಾಸವೇ ಅವರ ವಿಳಾಸವಾಗುತ್ತದೆ. ಹೊಸ ನೋಂದಣಿಗೆ ಶುಲ್ಕವಿಲ್ಲ. ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ದೊಡ್ಡವರ ಹೊಸ ನೋಂದಣಿಯ ಪರಿಶೀಲನೆಗೆ ತಿಂಗಳುಗಳೇ ಹಿಡಿಯುತ್ತವೆ, ಅದಕ್ಕೆ ತಾಳ್ಮೆ ಒಂದೇ ಮದ್ದು.

ಹೇಳಲೇಬೇಕಾದ ಎರಡು ಸಂಗತಿಗಳಿವೆ. ಒಂದು, ಬೆರಳು. ಹುಣಸೆ ಬಿಡಿಸುವ ಹೆಂಗಸರ ಬೆರಳ ತುದಿ ನೋಡಿ: ಹುಳಿ ಹೀರಿ ಹೀರಿ ಚರ್ಮ ಸುಲಿದು, ಗೆರೆಗಳು ಅಳಿಸಿ, ತೊಳೆದ ಬಟಾಣಿಯಂತೆ ನುಣುಪಾಗಿರುತ್ತದೆ. ಯಂತ್ರದ ಮೇಲೆ ಒತ್ತಿದರೆ ಕೆಂಪು ದೀಪ. ಒರೆಸಿ ಮತ್ತೆ ಒತ್ತಿದರೆ ಮತ್ತೆ ಕೆಂಪು. ಗಾರೆ ಕೆಲಸದವರದ್ದೂ ಇದೇ ಪಾಡು, ಸಿಮೆಂಟು ತಿಂದ ಬೆರಳು. ಹಿಂದೆ ನಿಂತವರು ಗೊಣಗತೊಡಗಿದಾಗ ಆಕೆ ತಾನೇ ತಪ್ಪು ಮಾಡಿದವಳಂತೆ ಸೆರಗಿನಲ್ಲಿ ಕೈ ಬಚ್ಚಿಟ್ಟುಕೊಂಡು ಹೊರಬರುತ್ತಾಳೆ. ಬೆರಳು ಹಿಡಿಯದಿದ್ದರೆ ಕಣ್ಣಿನ ಪಾಪೆಯ ಗುರುತಿದೆ ಎಂದು ಪಕ್ಕದಲ್ಲಿ ನಿಂತು ಹೇಳುವವರು ಒಬ್ಬರು ಬೇಕು. ಹೇಳಿದೊಡನೆ ಕೆಲಸ ಆಗುತ್ತದೆ.

ಎರಡು, ತಿರಸ್ಕೃತ ಅರ್ಜಿ. ಒಬ್ಬ ತಾತನಿಗೆ ತನ್ನ ಹೆಸರಿನ ಹೊರತು ಏನೂ ನೆನಪಿರಲಿಲ್ಲ. ಹೊಸ ಆಧಾರಿಗೆ ಅರ್ಜಿ ಹಾಕಿಸಿದೆವು. ಇವರಿಗೆ ಈಗಾಗಲೇ ಆಧಾರ್ ಇದೆ ಎಂದು ವಾಪಸು ಬಂತು. ನಮ್ಮ ಹೊಸ ಹುಡುಗ ತಲೆ ಮೇಲೆ ಕೈ ಹೊತ್ತು ಕುಳಿತ. ಹಳಬರಿಗೆ ಮಾತ್ರ ಖುಷಿಯಾಯಿತು. ಆಧಾರ್ ಇದೆ ಎಂದರೆ ಎಲ್ಲೋ ಒಂದು ಊರಿದೆ, ಮನೆ ನಂಬರಿದೆ, ಒಂದು ಕಾಲಕ್ಕೆ ಇವರನ್ನು ಕೈಹಿಡಿದು ಕರೆದೊಯ್ದು ಫೋಟೋ ತೆಗೆಸಿದ ಯಾರೋ ಇದ್ದರು. ಆ ಎಳೆ ಹಿಡಿದು ಹೋದಾಗ ಪಾವಗಡದ ಕಡೆಯ ಒಂದು ಹಳ್ಳಿ ಸಿಕ್ಕಿತು. ಮುಂದಿನದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವರ ಮನೆಯ ಮಾತು.

ಬೀದಿಯಲ್ಲಿ ಮಲಗುವವರಿಗೆ ಮತದ ಹಕ್ಕು ಇದೆಯೇ?

ಇದೆ, ಅದಕ್ಕೆ ಮನೆ ವಿಳಾಸದ ದಾಖಲೆಯೂ ಬೇಡ. ಮತದಾರರ ಪಟ್ಟಿಗೆ ಹೆಸರು ಸೇರಿಸುವ ನಮೂನೆ 6ರಲ್ಲಿ ತಾನು ಮಲಗುವ ಜಾಗವನ್ನು ಬರೆದರೆ ಮತಗಟ್ಟೆ ಮಟ್ಟದ ಅಧಿಕಾರಿ ರಾತ್ರಿ ಹೊತ್ತು ಅಲ್ಲಿಗೆ ಬಂದು, ಆ ವ್ಯಕ್ತಿ ನಿಜವಾಗಿ ಅಲ್ಲೇ ಮಲಗುತ್ತಾನೆಯೇ ಎಂದು ಒಂದಕ್ಕಿಂತ ಹೆಚ್ಚು ರಾತ್ರಿ ನೋಡಬೇಕು. ಚುನಾವಣಾ ಆಯೋಗದ ನಿಯಮವೇ ಇದು. ಬೀದಿ ಬದಿಯ ಕಲ್ಲುಹಾಸನ್ನು ವಿಳಾಸವೆಂದು ಒಪ್ಪಿಕೊಳ್ಳುವ ಈ ನಿಯಮ ನಮಗೆ ಬಹಳ ಇಷ್ಟ.

ಬ್ಯಾಂಕ್ ಖಾತೆ, ಪಿಂಚಣಿ, ಪಡಿತರ?

ದಾಖಲೆ ಏನೂ ಇಲ್ಲದಿದ್ದರೂ ಬ್ಯಾಂಕಿನಲ್ಲಿ ಸಣ್ಣ ಖಾತೆ ತೆರೆಯಲು ಅವಕಾಶವಿದೆ ಎಂಬುದು ಹಲವರಿಗೆ ಗೊತ್ತಿಲ್ಲ. ಒಂದು ಫೋಟೋ, ಅಧಿಕಾರಿಯ ಎದುರಿನಲ್ಲಿ ಹಾಕಿದ ರುಜು ಅಥವಾ ಹೆಬ್ಬೆಟ್ಟು ಸಾಕು. ಖಾತೆಯಲ್ಲಿ 50,000 ರೂಪಾಯಿಗಿಂತ ಹೆಚ್ಚು ಇಡುವಂತಿಲ್ಲ, ತಿಂಗಳಿಗೆ 10,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ವರ್ಷದೊಳಗೆ ದಾಖಲೆಗೆ ಅರ್ಜಿ ಹಾಕಿದ್ದನ್ನು ತೋರಿಸಿದರೆ ಇನ್ನೊಂದು ವರ್ಷ ನಡೆಯುತ್ತದೆ. ನಮ್ಮವರಿಗೆ ಈ ಮಿತಿಗಳಿಂದ ತೊಂದರೆಯಾದ ದಿನ ನಾವೇ ಸಿಹಿ ಹಂಚುತ್ತೇವೆ.

65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ. ಅರ್ಜಿ ನಾಡಕಚೇರಿಯಲ್ಲಿ. ಕ್ಷಯ ರೋಗಿಗಳಿಗೆ ಔಷಧಿ ಉಚಿತ, ಚಿಕಿತ್ಸೆ ನಡೆಯುವಷ್ಟು ಕಾಲ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ, ಅದೂ ಖಾತೆಗೇ ಬರುತ್ತದೆ. ಪಡಿತರ ಚೀಟಿ ಬೇರೆ ಊರಿನದಾಗಿದ್ದರೆ ಹೆದರಬೇಕಿಲ್ಲ, ಅದೇ ಚೀಟಿಯಲ್ಲಿ ಇಲ್ಲಿನ ನ್ಯಾಯಬೆಲೆ ಅಂಗಡಿಯಿಂದ ಅಕ್ಕಿ ಪಡೆಯಬಹುದು. ಆದರೆ ಅಕ್ಕಿ ಬೇಯಿಸಲು ಒಲೆ ಎಲ್ಲಿದೆ? ಹಾಗಾಗಿ ಕೇಂದ್ರದ ಹಿತ್ತಲಿನಲ್ಲಿ ಎರಡು ಒಲೆ ಹಾಕಿದ್ದೇವೆ. ಸಂಜೆ ಅಲ್ಲಿ ಮುದ್ದೆ ತೊಳಸುವವರ ಸರದಿಗೆ ಜಗಳ ನಡೆಯುತ್ತಿರುತ್ತದೆ.

ಮಾನಸಿಕವಾಗಿ ಅಸ್ವಸ್ಥರಾಗಿ ಅಲೆಯುತ್ತಿರುವವರನ್ನು ಏನು ಮಾಡುತ್ತೀರಿ?

ಬಲವಂತವಾಗಿ ಎತ್ತಿ ತರುವ ಅಧಿಕಾರ ನಮಗಿಲ್ಲ, ನಿಮಗೂ ಇಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 100ನೇ ಸೆಕ್ಷನ್ ಪ್ರಕಾರ ಅಂಥವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆರೋಗ್ಯ ಸಂಸ್ಥೆಗೆ ಕರೆದೊಯ್ಯುವುದು, ಮನೆಯವರನ್ನು ಹುಡುಕುವುದು ಪೊಲೀಸರ ಕರ್ತವ್ಯ. ಠಾಣೆಯ ಹವಾಲಾತಿನಲ್ಲಿ ಇಡುವಂತಿಲ್ಲ. ನಾವು ಈ ಸೆಕ್ಷನ್ನಿನ ಕನ್ನಡ ಪ್ರತಿಯೊಂದನ್ನು ಕಿಸೆಯಲ್ಲೇ ಇಟ್ಟುಕೊಂಡಿರುತ್ತೇವೆ. ಬಹುತೇಕ ಸಲ ಅದನ್ನು ತೆಗೆಯುವ ಪ್ರಸಂಗವೇ ಬರುವುದಿಲ್ಲ, ಗೌರವದಿಂದ ಮಾತನಾಡಿದರೆ ಪೊಲೀಸರು ನಮಗಿಂತ ಮುಂಚೆ ಜೀಪು ಹತ್ತುತ್ತಾರೆ.

ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ: ನಿರ್ಗತಿಕರಿಗೆ ಮತ್ತು ವಸತಿರಹಿತರಿಗೆ ಸರ್ಕಾರಿ ಸಂಸ್ಥೆಗಳಲ್ಲಿ ಮಾನಸಿಕ ಚಿಕಿತ್ಸೆ ಉಚಿತ. ಬಡತನ ರೇಖೆಗಿಂತ ಕೆಳಗಿನವರಾದರೆ ಬಿಪಿಎಲ್ ಚೀಟಿ ಕೈಯಲ್ಲಿ ಇರಲಿ, ಇಲ್ಲದಿರಲಿ. ಕಾಗದ ಕೇಳದ ಹಕ್ಕುಗಳು ನಮ್ಮ ದೇಶದಲ್ಲಿ ಅಪರೂಪ. ನಿಮಗೇ ಮನಸ್ಸು ಸರಿಯಿಲ್ಲ ಎನಿಸಿದರೆ 14416 ಟೆಲಿ ಮಾನಸ್ ಸಹಾಯವಾಣಿ ಕನ್ನಡದಲ್ಲೇ ಮಾತನಾಡುತ್ತದೆ.

ಮನೆಯವರನ್ನು ಹುಡುಕಿ ಒಪ್ಪಿಸುತ್ತೀರಾ?

ಅವರು ಬಯಸಿದರೆ ಮಾತ್ರ. ಮನೆ ಸೇರಿಸುವ ದೃಶ್ಯ ಚೆನ್ನಾಗಿರುತ್ತದೆ, ಪತ್ರಿಕೆಯವರೂ ಬರುತ್ತಾರೆ, ತಾಯಿ ಮಗ ಅಪ್ಪಿಕೊಂಡು ಅಳುವ ಫೋಟೋ ಬರುತ್ತದೆ. ಮೊದಲ ವರ್ಷಗಳಲ್ಲಿ ನಮಗೂ ಆ ಚಪಲವಿತ್ತು. ಒಬ್ಬ ಹೆಂಗಸನ್ನು ಹಾಗೆ ಗಂಡನ ಮನೆಗೆ ಬಿಟ್ಟು ಬಂದೆವು. ಮೂರು ವಾರದಲ್ಲಿ ಅದೇ ಬಸ್ ನಿಲ್ದಾಣದಲ್ಲಿ ಸಿಕ್ಕಳು, ಈ ಸಲ ಮುಂಗೈ ಮುರಿದಿತ್ತು. ಅವಳು ಬೀದಿಗೆ ಬಂದದ್ದು ದಾರಿ ತಪ್ಪಿ ಅಲ್ಲ, ತಪ್ಪಿಸಿಕೊಂಡು. ನಾವು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

ಈಗ ಮನೆಯವರು ಸಿಕ್ಕರೂ ಮೊದಲು ನಮ್ಮವರೊಬ್ಬರು ಹೋಗಿ ಬರುತ್ತಾರೆ. ಅಕ್ಕಪಕ್ಕದವರ ಮಾತು ಕೇಳುತ್ತಾರೆ. ಹೋಗುವವರಿಗೆ ವಾಪಸು ಬರುವ ಬಸ್ಸಿನ ಕಾಸನ್ನೂ ನಮ್ಮ ಫೋನ್ ನಂಬರನ್ನೂ ಕೊಟ್ಟೇ ಕಳುಹಿಸುತ್ತೇವೆ. ಕೌಟುಂಬಿಕ ದೌರ್ಜನ್ಯವೆಂದು ಗೊತ್ತಾದರೆ 181 ಮಹಿಳಾ ಸಹಾಯವಾಣಿಯ ಮೂಲಕ ಮುಂದುವರಿಯುತ್ತೇವೆ.

ಮಕ್ಕಳು ಸಿಕ್ಕರೆ?

ನಾವು ಇಟ್ಟುಕೊಳ್ಳುವುದಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. "ಪಾಪ, ನಮ್ಮ ಮನೆಯಲ್ಲೇ ಸಾಕಿಕೊಳ್ಳುತ್ತೇವೆ" ಎನ್ನುವವರಿಗೆ ಒಂದೇ ಮಾತು: ಕಾನೂನಿನ ದಾರಿಯಲ್ಲಿ ಬನ್ನಿ.

ಮಕ್ಕಳು ಆಸ್ತಿ ಬರೆಸಿಕೊಂಡು ಹೊರಹಾಕಿದ್ದಾರೆ. ಏನಾದರೂ ಮಾಡಲಾದೀತೇ?

ಆದೀತು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ನೋಡಿಕೊಳ್ಳುತ್ತೇವೆ ಎಂಬ ಷರತ್ತಿನ ಮೇಲೆ ದಾನಪತ್ರ ಮಾಡಿಸಿಕೊಂಡು ಆಮೇಲೆ ಕೈಬಿಟ್ಟಿದ್ದರೆ 23ನೇ ಸೆಕ್ಷನ್ನಿನಲ್ಲಿ ಆ ಪತ್ರವನ್ನೇ ರದ್ದು ಮಾಡಿಸಬಹುದು. ಷರತ್ತು ಪತ್ರದಲ್ಲಿ ಬರೆದಿದ್ದರೆ ಕೈ ಗಟ್ಟಿಯಾಗಿರುತ್ತದೆ. ಬರೆಯುವ ಮೊದಲೇ ಇದನ್ನು ಓದುತ್ತಿರುವ ಹಿರಿಯರು ಯಾರಾದರೂ ಇದ್ದರೆ, ದಯವಿಟ್ಟು ಆ ಒಂದು ಸಾಲನ್ನು ಸೇರಿಸಿ. ಮಗ ಒಳ್ಳೆಯವನೇ ಇರಬಹುದು, ಸಾಲು ಇದ್ದರೆ ಅವನಿಗೇನೂ ನಷ್ಟವಿಲ್ಲ. ಅರ್ಜಿ ಬರೆದುಕೊಡುತ್ತೇವೆ, ವಿಚಾರಣೆಗೆ ಜೊತೆಗೆ ಬರುತ್ತೇವೆ. ಆದರೆ ಹತ್ತರಲ್ಲಿ ಆರು ಮಂದಿ ಕೊನೆಯ ಗಳಿಗೆಯಲ್ಲಿ "ಬೇಡ ಬಿಡಿ, ಮಗನ ಮರ್ಯಾದೆ ಹೋಗುತ್ತದೆ" ಎಂದು ಎದ್ದು ಬಿಡುತ್ತಾರೆ. ಅದಕ್ಕೆ ನಮ್ಮಲ್ಲಿ ಉತ್ತರವಿಲ್ಲ.

ಸಿಗ್ನಲಿನಲ್ಲಿ ಕೈಚಾಚಿದವರಿಗೆ ಕಾಸು ಕೊಡಬೇಕೇ, ಬೇಡವೇ?

ನಿಮ್ಮ ಕೈ, ನಿಮ್ಮ ಕಾಸು. ನಮ್ಮವರಲ್ಲೇ ಇಬ್ಬರು ಕೊಡುತ್ತಾರೆ, ಮೂವರು ಕೊಡುವುದಿಲ್ಲ. ಆದರೆ ಒಂದು ವಿಷಯ ತಿಳಿದಿರಲಿ: ನೀವು ಈಗಾಗಲೇ ಕೊಡುತ್ತಿದ್ದೀರಿ. ಕರ್ನಾಟಕ ಭಿಕ್ಷಾಟನೆ ನಿಷೇಧ ಅಧಿನಿಯಮ, 1975ರ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ 3ರಷ್ಟು ಭಿಕ್ಷುಕರ ಉಪಕರ ಸೇರುತ್ತದೆ. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ. ಆ ದುಡ್ಡು ಹೇಗೆ ಖರ್ಚಾಗುತ್ತಿದೆ ಎಂದು ಕೇಳುವುದು ಒಂದು ರೂಪಾಯಿ ನಾಣ್ಯ ಹಾಕುವುದಕ್ಕಿಂತ ದೊಡ್ಡ ದಾನ ಎಂಬುದು ನಮ್ಮ ಅನಿಸಿಕೆ.

ಇದೆಲ್ಲ ಸರ್ಕಾರದ ಕೆಲಸವಲ್ಲವೇ?

ಹೌದು. 2010ರಲ್ಲಿ ದೆಹಲಿಯ ಚಳಿಯಲ್ಲಿ ಬೀದಿ ಜನರ ಸಂಕಟ ಸುಪ್ರೀಂ ಕೋರ್ಟಿನ ಮುಂದೆ ಬಂದ ಮೇಲೆ ಇಡೀ ದೇಶದಲ್ಲಿ ಇದರ ಚರ್ಚೆಯಾಯಿತು. 2013ರ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಲ್ಲಿ ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿಗೆ ಸಾಲುವಷ್ಟು ಕಾಯಂ ಆಶ್ರಯ ಕೇಂದ್ರ, ತಲೆಗೆ 50 ಚದರ ಅಡಿ ಜಾಗ ಎಂದು ಬರೆದರು. ತುಮಕೂರು ನಗರದ ಜನಸಂಖ್ಯೆ 2011ರಲ್ಲೇ 3 ಲಕ್ಷ ದಾಟಿತ್ತು. ಲೆಕ್ಕ ನೀವೇ ಹಾಕಿ. ಕಟ್ಟಡ ಪಾಲಿಕೆಯದು, ನಡೆಸುವುದು ಸಂಸ್ಥೆಗಳು ಎಂಬುದು ಆ ಅಭಿಯಾನ ಹಾಕಿಕೊಟ್ಟ ರೀತಿ. ನಾವು ಸರ್ಕಾರದ ಬದಲಿಗೆ ನಿಂತವರಲ್ಲ. ಸರ್ಕಾರದ ಬಾಗಿಲು ಯಾವ ದಿಕ್ಕಿಗಿದೆ ಎಂದು ತೋರಿಸಿ, ಅದು ತೆರೆಯುವವರೆಗೆ ಜೊತೆಗೆ ನಿಲ್ಲುವವರು.

ಕೈಯಲ್ಲಿ ಮೊಬೈಲ್ ಇದೆ, ಇವರೆಂಥ ಬಡವರು?

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ಈ ಪ್ರಶ್ನೆಯ ಜೊತೆಗೆ ಹೇಳುವವರೂ ಇದ್ದಾರೆ. ಮೇಸ್ತ್ರಿ ಬೆಳಿಗ್ಗೆ ಆರಕ್ಕೆ ಫೋನ್ ಮಾಡುತ್ತಾನೆ. ಫೋನ್ ಇಲ್ಲದವನಿಗೆ ಅಂದಿನ ಕೂಲಿ ಇಲ್ಲ. ಮಲ್ಲಿಗೆಯಲ್ಲ, ಅದೇ ಹಿಟ್ಟು. ಮನೆ ಇಲ್ಲದವರಿಗೆ ಫೋನಿನ ನಿಜವಾದ ತೊಂದರೆ ಚಾರ್ಜು. ಮೊಬೈಲ್ ಅಂಗಡಿಯವರು ಕಾಸು ತೆಗೆದುಕೊಂಡು ಚಾರ್ಜು ಮಾಡಿಕೊಡುತ್ತಾರೆ. ನಮ್ಮ ಕೇಂದ್ರದ ಗೋಡೆಯಲ್ಲಿ ಸಾಲಾಗಿ ಪ್ಲಗ್ಗುಗಳನ್ನು ಹಾಕಿಸಿದ ಮೇಲೆ ರಾತ್ರಿ ಬರುವವರ ಸಂಖ್ಯೆಯೇ ಏರಿತು. ಕಂಬಳಿಗೆ ಬಾರದವರು ಕರೆಂಟಿಗೆ ಬಂದರು.

ಮಗಳ ಹುಟ್ಟುಹಬ್ಬಕ್ಕೆ ಅನ್ನದಾನ ಮಾಡಬಹುದೇ?

ಮಾಡಿ, ಸಂತೋಷ. ಎರಡು ವಾರ ಮೊದಲೇ ತಿಳಿಸಿ. ಭಾನುವಾರ ಮಧ್ಯಾಹ್ನ ಮೂರು ಕಡೆಯಿಂದ ಪುಳಿಯೋಗರೆ ಬಂದು ಮಂಗಳವಾರ ರಾತ್ರಿ ಬರಿಯ ಅನ್ನ ಸಾರು ಎಂಬ ಸ್ಥಿತಿ ಬೇಡ. ಕೇಕ್ ಕತ್ತರಿಸಿ ಹಾಡು ಹಾಡಿಸಬೇಡಿ. ಬಡಿಸಿ, ನೀವೂ ಅದೇ ಪಂಕ್ತಿಯಲ್ಲಿ ಕುಳಿತು ಉಣ್ಣಿ. ಇಷ್ಟು ಹೇಳಿದರೆ ಅರ್ಧ ಜನ ಮತ್ತೆ ಫೋನ್ ಮಾಡುವುದಿಲ್ಲ. ಮಾಡಿದವರು ಪ್ರತಿ ವರ್ಷ ಬರುತ್ತಾರೆ.

ಹಳೆ ಬಟ್ಟೆ, ಕಂಬಳಿ ಬೇಕೇ?

ಕಂಬಳಿ ಸಾಕಷ್ಟಿದೆ. ಡಿಸೆಂಬರಿನಲ್ಲಿ ಒಬ್ಬನೇ ಮುದುಕನಿಗೆ ನಾಲ್ಕು ಸಂಘಗಳು ನಾಲ್ಕು ಕಂಬಳಿ ಹೊದಿಸಿ ಹೋಗುತ್ತವೆ. ಬೆಳಿಗ್ಗೆ ಅವನು ಅವನ್ನು ಹೊತ್ತು ತಿರುಗಬೇಕೇ, ಮಾರಬೇಕೇ? ಮಾರುತ್ತಾನೆ, ಆಗ ಬೈಯುತ್ತೀರಿ. ನಮಗೆ ಬೇಕಾದದ್ದು: ಹೊಸ ಒಳಉಡುಪು, ಸ್ಯಾನಿಟರಿ ಪ್ಯಾಡು, ಎಲ್ಲ ಅಳತೆಯ ಹವಾಯಿ ಚಪ್ಪಲಿ, ಸೋಪು, ಉಗುರು ಕತ್ತರಿ, ಓದುವ ಕನ್ನಡಕ, ಬೀಗ. ಬೇಡವಾದದ್ದು: ಜರಿ ಹರಿದ ರೇಷ್ಮೆ ಸೀರೆ, ಒಂಟಿ ಚಪ್ಪಲಿ, ಅವಧಿ ಮುಗಿದ ಮಾತ್ರೆ, ಮಗನ ಹಳೆ ಕೋಟು. ಒಮ್ಮೆ ಒಂದು ಚೀಲದಲ್ಲಿ ಪೂರ್ತಿ ಟೈಗಳೇ ಬಂದವು. ಗಂಟು ಕಟ್ಟಲು ಉಪಯೋಗವಾದವು ಎನ್ನಿ.

ಹಣ ಕೊಟ್ಟರೆ ತೆರಿಗೆ ರಿಯಾಯಿತಿ ಇದೆಯೇ? ಲೆಕ್ಕ ತೋರಿಸುತ್ತೀರಾ?

80ಜಿ ರಿಯಾಯಿತಿ ಇದೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ. 2,000 ರೂಪಾಯಿ ಮೀರಿದ ನಗದಿಗೆ ಇಲ್ಲ, ಹಾಗಾಗಿ ಚೆಕ್ ಅಥವಾ ಯುಪಿಐ ಮೂಲಕ ಕೊಡಿ. ಲೆಕ್ಕದ ಪುಸ್ತಕ ಕೇಂದ್ರದ ಮೇಜಿನ ಮೇಲಿದೆ. ಅದರಲ್ಲಿ ಆಟೋ ಬಾಡಿಗೆ, ಜೆರಾಕ್ಸು, ಪಾಸ್‌ಪೋರ್ಟ್ ಅಳತೆಯ ಫೋಟೋ ಎಂಬ ಸಣ್ಣ ಖರ್ಚುಗಳೇ ಪುಟಗಟ್ಟಲೆ ಕಾಣುತ್ತವೆ. ನಮ್ಮ ಕೆಲಸದ ಸರಿಯಾದ ವರದಿ ಅದೇ.

ಸ್ವಯಂಸೇವಕರಾಗಿ ಬರಬಹುದೇ?

ತಿಂಗಳಿಗೆ ಎರಡು ಬೆಳಿಗ್ಗೆ ಕೊಡುವುದಾದರೆ ಬನ್ನಿ. ಅರ್ಜಿ ತುಂಬಬಲ್ಲವರು, ಬೈಕು ಇರುವವರು, ಕಾಯಬಲ್ಲವರು ಬೇಕು. ಉರ್ದು ಅಥವಾ ತೆಲುಗು ಬಂದರೆ ಇನ್ನೂ ಒಳ್ಳೆಯದು. ಭಾಷಣ ಮಾಡುವವರು ನಮ್ಮಲ್ಲಿ ಈಗಾಗಲೇ ಒಬ್ಬರಿದ್ದಾರೆ.

ನನಗೇ ಬಾಡಿಗೆ ಕಟ್ಟಲಾಗುತ್ತಿಲ್ಲ. ಬೀದಿಗೆ ಬಿದ್ದಿಲ್ಲ, ಆದರೆ ಬೀಳುವಂತಿದೆ. ನನಗೆ ಸಹಾಯ ಸಿಗುತ್ತದೆಯೇ?

ಬಿದ್ದ ಮೇಲೆ ಎತ್ತುವುದಕ್ಕಿಂತ ಈಗ ಬರುವುದೇ ಸುಲಭ, ಸಂಕೋಚ ಬೇಡ. ಬಾಡಿಗೆ ಕೊಡುವಷ್ಟು ಹಣ ನಮ್ಮಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮನೆ ಮಾಲೀಕರ ಜೊತೆ ಕುಳಿತು ಮಾತನಾಡುತ್ತೇವೆ, ಹಲವು ಸಲ ಒಂದು ತಿಂಗಳ ಗಡುವು ಸಿಗುತ್ತದೆ. ಪಡಿತರ, ಪಿಂಚಣಿ, ಕಟ್ಟಡ ಕಾರ್ಮಿಕರ ಕಾರ್ಡು ಇವುಗಳಲ್ಲಿ ನಿಮಗೆ ಬರಬೇಕಾದದ್ದು ಬಾರದೆ ನಿಂತಿದೆಯೇ ನೋಡುತ್ತೇವೆ. ಬರುವಾಗ ಮನೆಯಲ್ಲಿರುವ ಎಲ್ಲ ಕಾಗದಗಳನ್ನೂ ತನ್ನಿ, ಹರಿದದ್ದಾದರೂ ಸರಿ. ಮನೆ ಖಾಲಿ ಮಾಡಲೇಬೇಕಾಗಿ ಬಂದರೆ ಪಾತ್ರೆ ಬಿಟ್ಟರೂ ಕಾಗದ ಬಿಡಬೇಡಿ.

ಕೇಂದ್ರದಲ್ಲಿ ಯಾರಾದರೂ ತೀರಿಕೊಂಡರೆ?

ಪೊಲೀಸರಿಗೆ ತಿಳಿಸುತ್ತೇವೆ, ವಾರಸುದಾರರಿಗಾಗಿ ಕಾಯುತ್ತೇವೆ. ಯಾರೂ ಬಾರದಿದ್ದರೆ ಅನುಮತಿ ಪಡೆದು ಅಂತ್ಯಕ್ರಿಯೆ ಮಾಡುತ್ತೇವೆ. ಸುಡಬೇಕೇ, ಹೂಳಬೇಕೇ ಎಂಬುದನ್ನು ಬದುಕಿರುವಾಗಲೇ ಕೇಳಿ ಬರೆದಿಟ್ಟಿರುತ್ತೇವೆ. ಮೊದಲು ಇದನ್ನು ಕೇಳಲು ನಮಗೆ ಬಾಯಿ ಬರುತ್ತಿರಲಿಲ್ಲ. ಕೇಳಿದ ಮೇಲೆ ಗೊತ್ತಾಯಿತು, ಅವರು ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದರು. ಗಂಟಿನ ಅಜ್ಜಿ ತನ್ನ ಟ್ರಂಕಿನಲ್ಲಿ ಒಂದು ಬಿಳಿ ಸೀರೆ, ಐನೂರರ ಎರಡು ನೋಟು ತೆಗೆದಿಟ್ಟಿದ್ದಾರೆ. ಬೀಗದ ಕೈ ಯಾರಿಗೆ ಕೊಡಬೇಕೆಂದೂ ಹೇಳಿದ್ದಾರೆ.

ನಾಯಿ ಇದೆ. ಬಿಟ್ಟು ಬರಲಾರೆ ಎನ್ನುತ್ತಾರೆ. ಏನು ಮಾಡುವುದು?

ಕರೆದುಕೊಂಡು ಬರಲಿ. ಹಿತ್ತಲಿನಲ್ಲಿ ಒಲೆಗಳ ಪಕ್ಕ ತಗಡಿನ ಮಾಡು ಹಾಕಿದ್ದೇವೆ. ಸದ್ಯ ಅಲ್ಲಿ ಮೂರು ನಾಯಿಗಳಿವೆ, ಅದರಲ್ಲೊಂದರ ಯಜಮಾನ ಆಷಾಢ ಮುಗಿಸಿ ಮದುವೆ ಕೆಲಸಕ್ಕೆ ಹೋಗಿದ್ದಾನೆ.